ಮೂಡಗಾಳಿಗೆ ಹೆದರುವ ಮಾಸ್ತಿಯಣ್ಣ

ಲಾಕ್‌ಡೌನ್ ಬಂದದ್ದೇ ತಡ, ಕಾಸರಕೋಡಿನ ಮಾಸ್ತಿಯಣ್ಣ ಅಕ್ಕಿ, ಉಪ್ಪು, ಸೀಮೆಎಣ್ಣೆ ಸ್ಟೋವು ಹೊತ್ತು ದೋಣಿ ಏರಿದವ ಮತ್ತೆ ದಡಕ್ಕೆ ಕಾಲಿಟ್ಟಿಲ್ಲ. ಅಳಿವೆಯ ನಡುವೆ ಲಂಗರು ಹಾಕಿ ಕೂತಿದ್ದಾನೆ. ನನ್ನ ದೋಣಿ ಅವನಿಂದ ಕೂಗಳತೆ ದೂರ, ಅದೂ ಅವನೇ ಗೊತ್ತುಮಾಡಿದ ದೂರ. ರೋಗ ಗಾಳಿಯಲ್ಲಿ ಬರುತ್ತದೆ ಎಂದು ಯಾರೋ ಹೇಳಿದ್ದೇ ಸೈ, ಸಮುದ್ರದ ಪಡುಗಾಳಿ ಬೀಸಿದರೆ ಎದೆ ತುಂಬ ಉಸಿರೆಳೆದುಕೊಳ್ಳುತ್ತಾನೆ, ಊರ ಕಡೆಯ ಮೂಡಗಾಳಿ ಎದ್ದರೆ ಮೂಗಿಗೆ ಟವೆಲನ್ನು ಎರಡು ಸುತ್ತು ಬಿಗಿಯುತ್ತಾನೆ. ಕಾಗೆ ಬಂದು ಕೂತರೂ "ಹೋಗಾ, ಯಾರ ಮನೆ ಅನ್ನ ತಿಂದ್ಕಂಡು ಬಂದ್ಯೋ!" ಎಂದು ಹುಟ್ಟು ಎತ್ತುತ್ತಾನೆ. "ವಾಸನೆ ಹೋತು ಅಂದ್ರೆ ರೋಗ ಬಂತು ಅಂತ್ಲೇ ಲೆಕ್ಕ, ತಮ್ಮಾ" ಎಂಬುದು ಅವನ ದಿನದ ಮಂತ್ರ. ಕೇರಿಯಿಂದ ಇಬ್ಬರನ್ನು ಆಂಬುಲೆನ್ಸ್ ಒಯ್ದ ಮೇಲೆ, ಗಂಜಿ ತರುತ್ತಿದ್ದ ಹೆಂಡತಿ ಮಂಗಲಾಳಿಗೂ ದಡಕ್ಕೆ ಬರಬೇಡ ಎಂದುಬಿಟ್ಟ. ಮೊಬೈಲು ಚಾರ್ಜಿಲ್ಲದೆ ಸತ್ತಿದೆ. ಹಾಗಾಗಿ ಬೆಳಗಿನ ಮೂಡಗಾಳಿಯಲ್ಲಿ ಮಾತ್ರ ಒಂದು ಸಲ ಟವೆಲು ಜಾರಿಸಿ ಮೂಸುತ್ತಾನೆ. ಕೇರಿಯಲ್ಲಿ ಒಲೆಗೆ ಗೇರುಸಿಪ್ಪೆ ಹಾಕುವವಳು ಮಂಗಲಾ ಒಬ್ಬಳೇ. ಆ ಘಾಟು ಬಂದರೆ ಅವಳು ಎದ್ದು ಓಡಾಡುತ್ತಿದ್ದಾಳೆ ಎಂದರ್ಥ. ಇವತ್ತು ಟವೆಲು ಇಳಿಸಿದವ ಮತ್ತೆ ಏರಿಸಲಿಲ್ಲ. ಮೂಸಿದ, ಮತ್ತೂ ಮೂಸಿದ. "ತಮ್ಮಾ, ಒಲೆ ವಾಸನೆಯೇ ಇಲ್ವಲ್ಲ! ಮಂಗಲಂಗೆ ಎಂತ ಆತಾ? ನಿಂಗಾದ್ರೂ ಬರ್ತದ್ಯಾ?" ಎಂದು ಕೂಗಿದ. ಗೇರುಸಿಪ್ಪೆಯ ಘಾಟಿಗೆ ನೀರೂರಿದ ಕಣ್ಣನ್ನು ನಾನು ಒರೆಸಿಕೊಂಡೆ.