ಮಗ್ಗದ ಮುಂದೆ ಹಕಾರದ ಪಾಠ

ಭಾಷಾಶಾಸ್ತ್ರದ ಹುಚ್ಚು ಹಿಡಿದವರ ಜೊತೆ ಊಟಕ್ಕೆ ಕೂರಬಾರದು. ಹೆಂಡತಿ ಹಾಲು ತಂದರೆ ನಾನು ಲೋಟ ಚಾಚುವುದು ಬಿಟ್ಟು ಆ ಪದದ ವಂಶಾವಳಿ ಬಿಚ್ಚುತ್ತೇನೆ. ಹಳಗನ್ನಡದಲ್ಲಿ ಅದು 'ಪಾಲ್'. ಮಾರ್ಟಳ್ಳಿ ಕಡೆ ತಮಿಳು ಆಡುವ ಮನೆಗಳಲ್ಲಿ ಇವತ್ತಿಗೂ 'ಪಾಲ್'. ಕನ್ನಡದಲ್ಲಿ ಪಕಾರ ಸವೆದು ಹಕಾರವಾಗಿ 'ಹಾಲು' ಆಯಿತು. ನಮ್ಮ ಕೊಳ್ಳೇಗಾಲದವರು ಆ ಹಕಾರವನ್ನೂ ಉದುರಿಸಿ 'ಆಲು' ಎಂದು ಕುಡಿದು ಮುಗಿಸಿದರು. ಮೈಸೂರಿನವರು ಇದನ್ನು ಹಳ್ಳಿಗುಗ್ಗುಗಳ ಮಾತು ಎನ್ನುತ್ತಾರೆ. ನನ್ನ ಪ್ರಕಾರ ನಾವು ಅವರಿಗಿಂತ ಒಂದು ಹೆಜ್ಜೆ ಮುಂದಿದ್ದೇವೆ!

ಪಕಾರ ಯಾವ ದಿನ ಹೋಯಿತು ಎಂದು ಮಾತ್ರ ಕೇಳಬೇಡಿ. ನಮ್ಮ ಮನೆಯ ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದನೆಯ ಎಳೆಗಳ ಸಾಲು, ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೇ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತೇವೆ. ಭಾಷೆ ಬದಲಾಗುವುದೂ ಹಾಗೇ. ಅಜ್ಜಿಯ ಮಾತು ಮೊಮ್ಮಗಳಿಗೆ ತಿಳಿಯದೇ ಹೋದ ದಿನ ಎಂಬುದು ಯಾವ ಮನೆಯಲ್ಲೂ ಬರುವುದಿಲ್ಲ.

ಇದನ್ನೆಲ್ಲ ಅವ್ವನಿಗೆ ಹೇಳಿದರೆ ಕೇಳಬೇಕಲ್ಲ! ಆಗ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಯಳಂದೂರಿನಲ್ಲಿ ಕನ್ನಡ ಮೇಷ್ಟ್ರು. ತಂಗಿ ಸಾವಿತ್ರಿಯನ್ನು ನೋಡಲು ಮೈಸೂರಿನಿಂದ ಗಂಡಿನವರು ಬರುವವರಿದ್ದರು. ಹುಡುಗ ಕಚೇರಿಯ ಗುಮಾಸ್ತ. ಫೋಟೋ ನೋಡಿಯೇ ತಂಗಿಗೆ ಮನಸ್ಸಾಗಿತ್ತು. ಆದರೆ ಅವನನ್ನು ಸಾಕಿದ ಸೋದರತ್ತೆ ಮಾತಿನಲ್ಲೇ ಮನೆತನ ಅಳೆಯುವವರು, ಅವರು ಬೇಡವೆಂದರೆ ಮುಗಿಯಿತು ಎಂದು ಸುದ್ದಿ. ಅವ್ವ ತಂಗಿಗೆ ಹಕಾರ ಕಲಿಸಲೇಬೇಕೆಂದು ಹಟ ಹಿಡಿದಳು. ತನಗೇ ಹಕಾರ ಬಾರದ್ದರಿಂದ ನನ್ನನ್ನು ಗುರುವಾಗಿ ಕೂರಿಸಿದಳು. ತಂಗಿ ನೇಯುತ್ತಿದ್ದಂತೆ ಲಾಳಿ ಆ ಕಡೆ ಹೋದರೆ 'ಹಾಲು', ಈ ಕಡೆ ಬಂದರೆ 'ಹಣ್ಣು'. ವಾರದೊಳಗೆ ತಂಗಿ ಎಷ್ಟು ಪಳಗಿದಳೆಂದರೆ, ಎಲೆಯಡಿಕೆಯನ್ನೂ 'ಹೆಲೆ ಹಡಿಕೆ' ಎನ್ನತೊಡಗಿದಳು.

ಗಂಡಿನವರು ಸೋದರತ್ತೆಯನ್ನು ಮುಂದಿಟ್ಟುಕೊಂಡು ಬಂದರು. ತಂಗಿ ತಲೆ ತಗ್ಗಿಸಿ 'ಹೌದು', 'ಹಾಗೇ ಆಗಲಿ' ಎಂದು ಚೆನ್ನಾಗಿಯೇ ನಿಭಾಯಿಸುತ್ತಿದ್ದಳು. ಅಷ್ಟರಲ್ಲಿ ಹುಡುಗ, ನೇಕಾರರ ಪೈಕಿಯವನೇ ಆದರೂ ಮಗ್ಗ ಕಾಣದೆ ಬೆಳೆದವನು, ಮಗ್ಗದಲ್ಲಿ ಬಿಗಿದಿದ್ದ ರೇಷ್ಮೆ ಹಾಸಿನ ಮೇಲೆ ಕೈಯಾಡಿಸಿದ. ಕೈಗಡಿಯಾರ ಎಳೆಗಳಿಗೆ ಸಿಕ್ಕಿಕೊಂಡಿತು.

"ಅಯ್ಯಯ್ಯೋ, ಕೈ ಎಳೀಬ್ಯಾಡಿ ಕಣ್ರಿ! ಎಳೆ ಅರ್ದೋಯ್ತದೆ! ಅಂಗೇ ಇರಿ, ನಾ ಬುಡುಸ್ತೀನಿ!" ಎಂದು ಸಾವಿತ್ರಿ ಕೂಗಿಕೊಂಡು ಓಡಿದಳು.

ಅವ್ವನ ಮುಖ ಬಿಳಿಚಿಕೊಂಡಿತು. ಪಕಾರದಿಂದಲೇ ಶುರುಮಾಡಿ ಸಂಬಂಧ ಉಳಿಸೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ. ಸೋದರತ್ತೆ ಕೈಯೆತ್ತಿ ನನ್ನನ್ನು ತಡೆದರು. ಅವರ ಕಣ್ಣು ತುಂಬಿತ್ತು.

"ಇನ್ನೊಂದ್ ಸಲ ಏಳವ್ವ," ಎಂದರು ತಂಗಿಗೆ. "ನಾನೂ ಇಲ್ಲೇ ಪಕ್ಕದ ಅನೂರಲ್ಲಿ ಉಟ್ಟೋಳೇ ಕಣವ್ವ. ಮದ್ವೆಯಾಗಿ ಮೈಸೂರ್ ಸೇರ್ದಾಗ ನಮ್ಮತ್ತೆ ಈ ಮಾತ್ನ ಬುಡುಸ್ಬುಟ್ರು. ನಮ್ಮವ್ವ ತೀರ್ಕಂಡ್ ಮ್ಯಾಲೆ ನಂಜೊತೆ ಇಂಗ್ ಮಾತಾಡೋರೇ ಇಲ್ದಂಗಾಯ್ತು."

ಒಪ್ಪಿಗೆಯ ಮಾತನ್ನು ಗಂಡಸರಾದ ನಾವು ಜಗುಲಿಯಲ್ಲಿ ಶುದ್ಧ ಕನ್ನಡದಲ್ಲೇ ಆಡಿಕೊಂಡೆವು. ಒಳಗೆ ಅಡುಗೆಮನೆಯಲ್ಲಿ ಸೋದರತ್ತೆ, ಸಾವಿತ್ರಿ ಇಬ್ಬರೂ ಸಂಜೆಯ ಬಸ್ಸಿನವರೆಗೂ ಹರಟಿದರು. ನಗು ಬೀದಿಗೆ ಕೇಳುತ್ತಿತ್ತು. ಹುಡುಗ ಬಾಗಿಲ ಕಡೆ ನೋಡಿ ಮೆಲ್ಲಗೆ, "ಇನ್ಮೇಲೆ ಮನೇಲಿ ಹಕಾರ ಹೇಳೋನು ನಾನೊಬ್ಬನೇ ಆಗ್ತೀನಲ್ಲ, ಭಾವ?" ಎಂದ.

"ಅಭ್ಯಾಸ ಮಾಡ್ಕೊಳ್ಳಿ," ಎಂದೆ. "ಇಬ್ಬರು ಹೆಂಗಸರು ಅಡುಗೆಮನೇಲಿ ನಗ್ತಾ ಆಡೋದೇ ಮುಂದಿನ ತಲೆಮಾರಿನ ಕನ್ನಡ."