ವೆಲ್ತಾಳ ಮನೆಯ ಹಸು

ಔಸ್ಮಾ ಮತ್ತು ವೆಲ್ತಾ ಲಾಟ್ವಿಯಾದ ಹಳ್ಳಿಯೊಂದರ ಸಾಮೂಹಿಕ ಜಮೀನಿನ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಅಕ್ಕಪಕ್ಕ ಕೂತು ಹಾಲು ಕರೆದವರು. ಇಬ್ಬರೂ ಸೇರಿದರೆ ಕೊಟ್ಟಿಗೆಯೆಲ್ಲ ನಗು. ಸಾವಿರದ ಒಂಬೈನೂರ ನಲವತ್ತೊಂಬತ್ತರ ಮಾರ್ಚಿನ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಆ ತಿಂಗಳ ಒಂದು ಬೆಳಗ್ಗೆ ಸೋವಿಯತ್ ಸಿಪಾಯಿಗಳು ವೆಲ್ತಾಳ ಮನೆಯವರನ್ನೆಲ್ಲ ಲಾರಿಗೆ ಹತ್ತಿಸಿ, ಸೈಬೀರಿಯಾದ ರೈಲಿಗೆ ತುಂಬಿದ್ದರು. ವೆಲ್ತಾ ವಾಪಸು ಬಂದದ್ದು ಎಂಟು ವರ್ಷದ ಮೇಲೆ, ತಾಯಿಯೊಬ್ಬಳ ಜೊತೆ ಮಾತ್ರ.

ಲಾರಿ ಹೋದ ಆ ದಿನ ಅವರ ಹಸು ಜೀಮಲ, ಕರೆಯುವವರಿಲ್ಲದೆ ಕೆಚ್ಚಲು ಬಿಗಿದು ಅರಚುತ್ತಲೇ ಇತ್ತು. "ಹೋಗೇ, ಬೇರೆಯವ್ರು ಹೊಡ್ಕೊಂಡ್ ಹೋಗೋಕ್ ಮುಂಚೆ ಹಿಡ್ಕೊಂಡ್ ಬಾ," ಎಂದಳು ಔಸ್ಮಾಳ ಅಮ್ಮ. ಹದಿಮೂರರ ಔಸ್ಮಾ ಹೋಗಿ ತಂದಳು. ಆ ಬೇಸಿಗೆಯೆಲ್ಲ ಮನೆಯವರು ಅದರ ಹಾಲು ಕುಡಿದು, ಬೆಣ್ಣೆ ತಿಂದರು.

ಗಡೀಪಾರಿನ ಬಗ್ಗೆ ಬಾಯಿ ಬಿಡಬಹುದಾದ ಕಾಲ ಬಂದಾಗ ಊರವರು ರೈಲ್ವೆ ನಿಲ್ದಾಣದ ಬಳಿ ನೆನಪಿನ ಕಲ್ಲು ನೆಟ್ಟರು. "ಬಾರೇ, ಒಬ್ಳೇ ನಿಂತ್ಕೊಳ್ಳೋಕಾಗಲ್ಲ ನಂಗೆ," ಎಂದು ವೆಲ್ತಾ ಔಸ್ಮಾಳನ್ನು ಎಳೆದುಕೊಂಡು ಹೋದಳು. ಗಡೀಪಾರಾಗಿ ಮರಳಿ ಬಂದವರಿಗೆಲ್ಲ ರಿಬ್ಬನ್ನು ಚುಚ್ಚುತ್ತಿದ್ದ ಹುಡುಗಿ ಔಸ್ಮಾಳ ಕೋಟಿಗೂ ಒಂದು ಚುಚ್ಚಿ, "ಎಷ್ಟು ಕಷ್ಟಪಟ್ರೋ ಅಮ್ಮಾ," ಎಂದು ತಬ್ಬಿಕೊಂಡಳು.

ಔಸ್ಮಾ ರಿಬ್ಬನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿದಳು.

"ಜೀಮಲನ್ನ ಹೊಡ್ಕೊಂಡ್ ಹೋಗಿದ್ದು ನಾನು ಕಣೇ, ವೆಲ್ತಾ."

"ಗೊತ್ತು. ವಾಪಸ್ ಬಂದ ವಾರಾನೇ ಯಾರೋ ಹೇಳಿದ್ರು." ವೆಲ್ತಾ ಮೂಗು ಒರೆಸಿಕೊಂಡಳು. "ಯಾರು ಕರೀತಾರೋ, ಕೆಚ್ಚಲು ಬಾತು ಸಾಯತ್ತೋ ಅಂತ ಅಮ್ಮ ದಾರಿಯುದ್ದಕ್ಕೂ ಹಲುಬ್ತಿದ್ಲು. ನಿನ್ನೂ ಒದೀತಾ ಅದು?"

"ಮೊದಲ್ನೇ ದಿನಾನೇ ಬಕೀಟು ಉರುಳಿಸ್ತು."

"ಹಾಳಾದ್ದು! ನಮ್ಮಮ್ಮಂಗೂ ಹಾಗೇ ಮಾಡ್ತಿತ್ತು." ವೆಲ್ತಾ ನಕ್ಕೇಬಿಟ್ಟಳು. ನಗುತ್ತಲೇ ದನಿ ಇಳಿಯಿತು. "ಆರ್ವಿದ್ ಇನ್ನೂ ಹಾಲು ಕುಡಿಯೋ ಕೂಸು. ರೈಲಲ್ಲಿ ಅಮ್ಮಂಗೆ ಎದೆಹಾಲು ಬತ್ತಿಹೋಯ್ತು."

ವೆಲ್ತಾಳ ಜೊತೆ ವಾಪಸು ಬಾರದ ಆ ತಮ್ಮನನ್ನು ಔಸ್ಮಾಳೂ ಸೊಂಟದ ಮೇಲೆ ಹೊತ್ತು ಆಡಿಸಿದ್ದಳು.

ವೆಲ್ತಾ ಅವಳ ತೋಳು ಹಿಡಿದೇ ಮನೆವರೆಗೂ ನಡೆದಳು. ಬೈದಿದ್ದರೆ ಔಸ್ಮಾಳಿಗೆ ಎಷ್ಟೋ ವಾಸಿಯಿತ್ತು.

ಸಂಜೆ ಔಸ್ಮಾ ಮಗಳೆದುರು ಎಲ್ಲ ಹೇಳಿಕೊಂಡಳು. ಮಗಳು ಅವಳ ಬೆನ್ನು ಸವರಿದಳು. "ಸುಮ್ನಿರಮ್ಮ. ನೀನಾಗ ಇನ್ನೂ ಮಗು. ಹಸಿವಿನ ಕಾಲ ಬೇರೆ."

"ಹಸಿವೆಲ್ಲಿತ್ತೇ?" ಎಂದಳು ಔಸ್ಮಾ. "ನಮ್ಮನೇಲಿ ಆಗ್ಲೇ ಒಂದು ಕರಾವಿನ ಹಸು ಇತ್ತು."