ಪೂಜೆಗೆ ಕೂತ ಸರ್ವರ್, ಕೋಟೆಯ ಸಂಜೆ ಗಾಡಿ

ಹುಣಸೂರಿನ ನಮ್ಮ ಡೈರಿಯ ಕಂಪ್ಯೂಟರ್ ರೂಮು ಒಂದು ಕಾಲಕ್ಕೆ ತುಪ್ಪದ ಗೋಡೌನ್ ಆಗಿತ್ತು. ಎಷ್ಟು ಸಲ ಸುಣ್ಣ ಬಳಿದರೂ, ಫಿನಾಯಿಲ್ ಹಾಕಿ ಒರೆಸಿದರೂ, ಬಿಸಿಲೇರಿದ ಮೇಲೆ ಗೋಡೆಯಿಂದ ತುಪ್ಪದ ವಾಸನೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಈಗಲೂ ಮನೆಯಲ್ಲಿ ಬೆಣ್ಣೆ ಕಾಯಿಸುವಾಗ ನನಗೆ ನೆನಪಾಗುವುದು ಆ ಸರ್ವರ್. ಸಿಲ್ಲಿ, ಬಟ್ ಟ್ರೂ.

ನಾನು ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದು ಓದಿದವಳು. ಟೈಪಿಂಗ್ ಬರುತ್ತದೆ, ಇಂಗ್ಲಿಷ್ ಬರುತ್ತದೆ ಅನ್ನುವ ಕಾರಣಕ್ಕೆ, ಡೈರಿಗೆ ಮೊದಲ ಕಂಪ್ಯೂಟರ್ ಬಂದಾಗ ನನ್ನನ್ನು ಅದರ ಮುಂದೆ ಕೂರಿಸಿದರು. ಕೂತವಳು ಏಳಲೇ ಇಲ್ಲ. ರಿಟೈರ್ ಆಗುವ ವಯಸ್ಸು ಬಂತು, ದಾಟಿಯೂ ಹೋಯಿತು. “ಇನ್ನೊಂದು ವರ್ಷ ಇರಿ ಮೇಡಂ” ಎನ್ನುತ್ತಲೇ ಮ್ಯಾನೇಜರುಗಳು ಬದಲಾದರು, ಮಷೀನು ಬದಲಾಯಿತು, ಯೂನಿಕ್ಸ್ ಹೋಗಿ ಲಿನಕ್ಸ್ ಬಂತು. ನಾನು ಮಾತ್ರ ಅದೇ ಕುರ್ಚಿಯಲ್ಲಿದ್ದೆ.

ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಮೂರೂ ಕಡೆ ಹಾಲು ತಣ್ಣಗೆ ಮಾಡುವ ನಮ್ಮ ಸೆಂಟರುಗಳಿದ್ದವು. ಬೆಳಿಗ್ಗೆ ಯಾವ ಊರಿನಿಂದ ಎಷ್ಟು ಹಾಲು ಬಂತು ಅನ್ನುವುದು ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಫೈಲಾಗಿ ನನಗೆ ತಲುಪುತ್ತಿತ್ತು. ಅದನ್ನು ನೋಡಿಕೊಂಡು, ಸಂಜೆ ಯಾವ ಗಾಡಿ ಯಾವ ಊರಿಗೆ ಹೋಗಬೇಕು, ಎಷ್ಟು ಕ್ಯಾನು ಒಯ್ಯಬೇಕು ಎಂದು ರೂಟ್ ಚೀಟಿ ತಯಾರಿಸಬೇಕು. ಅದು ಆಯಾ ಸೆಂಟರಿನ ಪ್ರಿಂಟರಿನಲ್ಲಿ ಹೊರಗೆ ಬರಬೇಕು. ಒಂದಾದ ಮೇಲೊಂದು ಪ್ರೋಗ್ರಾಂ ಓಡಿಸುತ್ತಾ ಕೂರುವುದು ನನ್ನ ಕೆಲಸ.

ಹಾಲಿನ ಲೆಕ್ಕದಲ್ಲಿ ಹೆಗ್ಗಡದೇವನಕೋಟೆ, ನಾವು ಕರೆಯುವುದು ಬರೀ ಕೋಟೆ, ಎಲ್ಲಕ್ಕಿಂತ ಚಿಕ್ಕದು. ಆದರೂ ನಾನು ಮೊದಲು ತೆಗೆಯುತ್ತಿದ್ದದ್ದು ಕೋಟೆಯ ಚೀಟಿಯನ್ನೇ. ಆ ಗಾಡಿ ಕೊನೆಯಲ್ಲಿ ಕಾಡಂಚಿನ ಒಂದು ಹಾಡಿಗೆ, ಬುಡಕಟ್ಟಿನವರ ಪುಟ್ಟ ಊರಿಗೆ, ಹೋಗಬೇಕಿತ್ತು. ಆನೆಗಳು ರಸ್ತೆ ದಾಟುವ ಜಾಗ ಅದು. ಕತ್ತಲಾಗುವ ಮುಂಚೆ ಕಾಡಿನ ಗೇಟು ಮುಚ್ಚುತ್ತಾರೆ, ಅಷ್ಟರಲ್ಲಿ ಗಾಡಿ ಒಳಗೆ ಹೋಗಿ ಹೊರಗೂ ಬಂದಿರಬೇಕು. ಗೇಟಿನವರಿಗೆ ಅವತ್ತಿನ ತಾರೀಖಿನ ಪ್ರಿಂಟ್ ಚೀಟಿಯೇ ಆಗಬೇಕು. ಹಿಂದೆ ಯಾರೋ ಕೈಯಲ್ಲಿ ಬರೆದ ಚೀಟಿ ತೋರಿಸಿ ಕ್ಯಾನುಗಳ ಕೆಳಗೆ ತೇಗದ ತುಂಡು ಸಾಗಿಸಿದ್ದರಂತೆ.

ಕೋಟೆ ಗಾಡಿಯ ಡ್ರೈವರ್ ದಿನಾ ಫೋನ್ ಮಾಡುತ್ತಿದ್ದ.

“ಅವ್ವಾರೇ, ಚೀಟಿ ಬುಡಿ ಬೇಗ. ನಾ ಕಾಯ್ತೀನಿ, ಆನೆ ಕಾಯಾಕಿಲ್ಲ.”

“ಆನೆಗೆ ನನ್ನ ನಮಸ್ಕಾರ ಹೇಳಪ್ಪ.”

“ನೀವೇ ಬಂದು ಯೋಳಿ. ನಾನು ದೂರದಿಂದ್ಲೇ ಕೈ ಮುಗಿಯೋನು.”

ಆ ಹಾಡಿಯ ಹೆಂಗಸರು ಸಂಘ ಮಾಡಿಕೊಂಡು ಹಸು ಕಟ್ಟಿದ್ದರು. ಸಂಘದ ಅಧ್ಯಕ್ಷೆ ಒಮ್ಮೆ ಡೈರಿ ನೋಡಲು ಬಂದವಳು ನನ್ನ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಇಲ್ಲಿಂದ್ಲಾ ಅಮ್ಮ, ನಮ್ಗೆ ಗಾಡಿ ಕಳ್ಸೋದು?”

“ಹೌದಮ್ಮ, ಇಲ್ಲಿಂದಲೇ.”

“ಮೊದ್ಲು ಮನೆಗೆ ಬೀಗ ಹಾಕಂಡು ಕೊಡಗಿನ ತೋಟಕ್ಕೆ ಕೂಲಿಗೆ ಓಯ್ತಿದ್ವು. ಮಕ್ಳ ಸ್ಕೂಲು ಅಲ್ಲಿಗೇ ನಿಂತೋಯ್ತಿತ್ತು. ಈಗ ಗಾಡಿ ಬತ್ತದಲ್ಲ, ಇಲ್ಲೇ ಇದ್ದೀವಿ. ಗಾಡಿ ನಿಲ್ಲುಸ್ಬ್ಯಾಡಿ ಅಮ್ಮ.”

ನಿಲ್ಲಿಸುವುದು ಬಿಡುವುದು ನನ್ನ ಕೈಯಲ್ಲಿರಲಿಲ್ಲ. ನನ್ನ ಕೊನೆಯ ವರ್ಷದ ಮಳೆಗಾಲದಲ್ಲಿ ಕೋಟೆಯ ನೆಟ್ ಲೈನು ಕೈಕೊಟ್ಟು, ಫೈಲ್ ತಡವಾಗಿ, ಗಾಡಿ ಗೇಟಿನಿಂದ ಖಾಲಿ ವಾಪಸ್ ಬಂದದ್ದು ಒಂದು ಸಲವಲ್ಲ. ಮ್ಯಾನೇಜರು ನನ್ನನ್ನು ಕರೆದು, “ಮೇಡಂ, ಇನ್ನೊಂದು ಸಲ ಹೀಗಾದ್ರೆ ಆ ರೂಟ್ ಕ್ಯಾನ್ಸಲ್. ನೀವು ಬೇಜಾರು ಮಾಡ್ಕೋಬಾರದು” ಅಂದರು. ಅದೇ ಉಸಿರಿನಲ್ಲಿ ಹೊಸ ಸುದ್ದಿಯನ್ನೂ ಹೇಳಿದರು: “ನೀವು ಹೋದ ಮೇಲೆ ಇದನ್ನೆಲ್ಲ ಯಾರು ನೋಡ್ತಾರೆ? ಒಂದು ಸಾಫ್ಟ್‌ವೇರ್ ತರಿಸ್ತಿದೀನಿ. ಯಾವುದಾದ ಮೇಲೆ ಯಾವುದು ಅಂತ ಹೇಳಿಕೊಟ್ಟರೆ ಸಾಕು, ತಾನೇ ನಡೆಸಿಕೊಂಡು ಹೋಗುತ್ತೆ.”

ವರ್ಕ್‌ಲೋಡ್ ಆಟೋಮೇಷನ್ ಅಂತ ಅದರ ಹೆಸರು. ಇಷ್ಟು ವರ್ಷ ನಾನು ಮಾಡಿದ್ದಕ್ಕೆ ಇಷ್ಟು ಗ್ರ್ಯಾಂಡ್ ಆದ ಹೆಸರಿತ್ತೆಂದು ಗೊತ್ತೇ ಇರಲಿಲ್ಲ.

ಇನ್‌ಸ್ಟಾಲ್ ಮಾಡಲು ಮೈಸೂರಿನಿಂದ ಬಂದವರು ನಡುವಯಸ್ಸಿನ ಎಂಜಿನಿಯರ್. ಬಂದವರೇ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಿಟ್ಟು, ಅದರ ಪಕ್ಕದಲ್ಲಿ ಊಟದ ಡಬ್ಬಿ ಇಟ್ಟು, ಸುಮ್ಮನೆ ಕೂತರು.

“ಶುರು ಮಾಡೋಣವೇ?” ಅಂದೆ.

“ರಾಹುಕಾಲ ಕಳೀಲಿ ಮೇಡಂ.”

“ನೀವು ಇದನ್ನೆಲ್ಲ ನಂಬ್ತೀರಾ?”

“ನಾನು ನಂಬಲ್ಲ. ನಮ್ಮಮ್ಮ ಫೋನ್ ಮಾಡಿ ಕೇಳ್ತಾರೆ, ಅವರ ಹತ್ರ ಸುಳ್ಳು ಹೇಳಕ್ಕಾಗಲ್ಲ.”

ರಾಹುಕಾಲ ಕಳೆದ ಮೇಲೆ ಕೆಲಸ ಹಿಡಿದರೆ ಮನುಷ್ಯ ಬಹಳ ಅಚ್ಚುಕಟ್ಟು. ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದರು. ಈ ಸಾಫ್ಟ್‌ವೇರಿಗೆಂದೇ ಬೇರೆ ಲಾಗಿನ್ ಮಾಡಿದರು. “ಎಲ್ಲ ಅಧಿಕಾರ ಇರೋ ಅಡ್ಮಿನ್ ಲಾಗಿನ್‌ನಲ್ಲೇ ಓಡಿಸಿದ್ರೆ ಏನು ತೊಂದರೆ?” ಎಂದು ಕೇಳಿದೆ. “ಮನೆಯ ಬೀಗದಕೈ ಗೊಂಚಲನ್ನೆಲ್ಲ ಒಬ್ಬರ ಸೊಂಟಕ್ಕೆ ಕಟ್ಟಿದ ಹಾಗಾಗುತ್ತೆ ಮೇಡಂ. ಅಡುಗೆಮನೆ ಕೀ ಸಾಕು ಇದಕ್ಕೆ” ಎಂದರು. ಮೊದಲು ಡೇಟಾಬೇಸ್, ಅದು ಎದ್ದು ಕೂತ ಮೇಲೆ ಸರ್ವರ್, ಆಮೇಲೆ ನಾವು ನೋಡುವ ಪರದೆ. ನಡುವೆ ಲೈಸೆನ್ಸಿನ ಷರತ್ತುಗಳು ಬಂದವು. ನಾನು ಕನ್ನಡಕ ಏರಿಸಿಕೊಂಡು ಓದತೊಡಗಿದೆ. ಅವರು ಡಬ್ಬಿ ಬಿಚ್ಚಿ, ಚಿತ್ರಾನ್ನ ತಿಂದು, ಕೈ ತೊಳೆದು ಬಂದರು.

“ಇದನ್ನ ಪೂರ್ತಿ ಓದಿದವರನ್ನ ಇವತ್ತೇ ನೋಡಿದ್ದು ಮೇಡಂ.”

“ಓದದೆ ಒಪ್ಪಿಕೊಂಡರೆ ನಮ್ಮ ಕಾನ್ವೆಂಟಿನ ಸಿಸ್ಟರ್ ಕಿವಿ ಹಿಂಡುತ್ತಿದ್ದರು.”

ಆಮೇಲೆ ಅವರು ಜಾಬುಗಳನ್ನು, ಅಂದರೆ ನಾನು ಓಡಿಸುತ್ತಿದ್ದ ಒಂದೊಂದು ಪ್ರೋಗ್ರಾಮನ್ನು, ಜೋಡಿಸಲು ಕೂತರು. “ಚೀಟಿ ಎಷ್ಟು ಗಂಟೆಗೆ ಹಾಕಲಿ?” ಎಂದರು.

“ಗಂಟೆ ಹಾಕಬೇಡಿ. ಫೈಲ್ ಬಂದ ಮೇಲೆ ಚೀಟಿ. ಕೋಟೆಯ ಫೈಲ್ ಬಂದ ತಕ್ಷಣ ಕೋಟೆಯದು, ಅದು ಯಾರ ಹಿಂದೆಯೂ ನಿಲ್ಲಬಾರದು.”

ಅದನ್ನು ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬೋರ್ಡಿಂಗಿನ ಊಟದ ಬೆಲ್. ಬೆಲ್ ಹೊಡೆಯುವ ಸಿಸ್ಟರ್ ಎಂದೂ ಗಡಿಯಾರ ನೋಡಿದವರಲ್ಲ. ವರಾಂಡದ ತುದಿಯಲ್ಲಿ ಹಗ್ಗ ಹಿಡಿದು ನಿಂತು ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿದ್ದರು. ಒಳಗಿನಿಂದ ಅಡುಗೆಯಾಕೆ ಸೌಟು ಎತ್ತಿ ತೋರಿಸಬೇಕು, ಆಗ ಬೆಲ್. ಹಸಿದ ಹುಡುಗಿಯರು ನಾವೆಲ್ಲ ಸಿಸ್ಟರ್ ಮುಖ ನೋಡುತ್ತಾ, ಸಿಸ್ಟರ್ ಸೌಟನ್ನು ನೋಡುತ್ತಾ. ಎಂತಹ ಲವ್ಲಿ ಅರೇಂಜ್‌ಮೆಂಟ್ ಅದು. ಬೆಲ್ ಆದ ಮೇಲೆ ಖಾಲಿ ತಟ್ಟೆಯ ಮುಂದೆ ಕೂತ ನೆನಪೇ ನನಗಿಲ್ಲ.

ಎಂಜಿನಿಯರಿಗೆ ಈ ಕಥೆ ಹೇಳಿದೆ. ಅವರು ನಗುತ್ತಾ, “ಆಯ್ತು ಮೇಡಂ, ಸೌಟು ಕಾಣೋವರೆಗೂ ಕಾಯೋ ಹಾಗೆ ಹಾಕ್ತೀನಿ” ಅಂದರು. ಅವರದೂ ಒಂದು ನಿಯಮವಿತ್ತು: ನಿನ್ನೆಯ ಕೆಲಸ ಮುಗಿಯದೆ ಇವತ್ತಿನದು ಶುರುವಾಗಬಾರದು, ಲೆಕ್ಕ ತಪ್ಪುತ್ತದೆ. ಅದೂ ಸರಿಯೇ ಅನ್ನಿಸಿತು.

ಮೂರು ಸೆಂಟರುಗಳಲ್ಲೂ ಈ ಸರ್ವರಿನ ಮಾತು ಕೇಳುವ ಒಂದೊಂದು ಏಜೆಂಟ್ ಕೂರಿಸಬೇಕಿತ್ತು. ಏಜೆಂಟ್ ಎಂದರೆ ಅಲ್ಲಿನ ಕಂಪ್ಯೂಟರಿನೊಳಗೆ ಹಾಕುವ ಚಿಕ್ಕ ಸಾಫ್ಟ್‌ವೇರ್, ಅಷ್ಟೆ. ಡೈರಿಯ ಜೀಪಿನಲ್ಲಿ ಹೋದೆವು. ಪಿರಿಯಾಪಟ್ಟಣದ ದಾರಿಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಸಿಹಿ ಘಾಟು, ಕೆ.ಆರ್. ನಗರದ ಕಡೆ ನಾಲೆಯಂಚಿನವರೆಗೂ ಹಸಿರು ಗದ್ದೆ. ಕೋಟೆಯಲ್ಲಿ ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿತ್ತು, ಅದನ್ನು ಸರಿಮಾಡಿದರು. ಡ್ರೈವರ್ ಕಿಟಕಿಯಲ್ಲಿ ತಲೆಯಿಟ್ಟು, “ಇನ್ಮೇಲೆ ಚೀಟಿಗೆ ಅವ್ವಾರ್ನ ಕೇಳಂಗಿಲ್ವಾ?” ಎಂದು ಕೇಳಿದ. “ತಾನಾಗೇ ಬರುತ್ತೆ” ಅಂದರು ಎಂಜಿನಿಯರ್. “ಬಂದ್ರೆ ಸರಿ. ಬೈಯಾಕೆ ಒಬ್ರು ಇರ್ಬೇಕಲ್ಲ” ಅಂದ ಅವನು.

ಕೆಲವು ದಿನ ಎಲ್ಲ ಚೆನ್ನಾಗಿ ನಡೆಯಿತು. ನಾನು ಕೈಕಟ್ಟಿ ಕೂತು, ಪರದೆಯ ಮೇಲೆ ಒಂದೊಂದೇ ಜಾಬು ಮುಗಿದು ಹಸಿರಾಗುವುದನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಆಯುಧ ಪೂಜೆ ಬಂತು.

ನಮ್ಮ ಡೈರಿಯಲ್ಲಿ ಆಯುಧ ಪೂಜೆ ಎಂದರೆ ಅರೆಮನಸ್ಸಿನದಲ್ಲ. ಟ್ಯಾಂಕರು, ಬಾಯ್ಲರು, ಫ್ಯಾಟ್ ನೋಡುವ ಯಂತ್ರ, ಎಲ್ಲಕ್ಕೂ ಬಾಳೆಕಂದು, ಚೆಂಡುಹೂ. ಹಾಲು ನಿಲ್ಲುವಂತಿಲ್ಲವಾದ್ದರಿಂದ ಗಾಡಿ, ಕೂಲರುಗಳಿಗೆ ವಿನಾಯಿತಿ. ಉಳಿದದ್ದು ಪೂಜೆಗೆ ಕೂತರೆ ಮಾರನೆಯ ಬೆಳಿಗ್ಗೆ ಪೂಜೆ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಕಂಪ್ಯೂಟರಿಗೂ ಅದೇ ಕಾನೂನು, ಸೆಂಟರುಗಳಲ್ಲೂ ಅದೇ. ಹಾಗಾಗಿ ಪ್ರತಿ ವರ್ಷದಂತೆ ಆ ಸಂಜೆಯ ಚೀಟಿಗಳನ್ನು ನಾನು ಬೆಳಿಗ್ಗೆಯೇ ಅಂದಾಜಿನಲ್ಲಿ ಬೇರೆಯಾಗಿ ಪ್ರಿಂಟ್ ಕಳಿಸಿದೆ. ಆಮೇಲೆ ಸರ್ವರ್ ಆಫ್ ಮಾಡಿದೆವು. ಮ್ಯಾನೇಜರು ಅದಕ್ಕೆ ಕುಂಕುಮವಿಟ್ಟು, ಹಾರ ಹಾಕಿ, ಬೂದುಗುಂಬಳ ಒಡೆಸಿದರು.

ವಿಜಯದಶಮಿಯ ಬೆಳಿಗ್ಗೆ ಪೂಜೆ ಕದಲಿಸಿ ಸರ್ವರ್ ಆನ್ ಮಾಡಿದೆವು. ಮಧ್ಯಾಹ್ನವಾಯಿತು. ಮೂರೂ ಸೆಂಟರಿನ ಫೈಲುಗಳು ಬಂದವು. ಒಂದು ಜಾಬೂ ಹಸಿರಾಗಲಿಲ್ಲ.

ನೋಡಿದರೆ ಅದು ನಿನ್ನೆಯ ಕೆಲಸ ಹಿಡಿದುಕೊಂಡು ಕೂತಿದೆ. ನಾನು ಬೇರೆಯಾಗಿ ಕಳಿಸಿದ ಚೀಟಿ ಅದಕ್ಕೆ ಗೊತ್ತಿಲ್ಲ. ನಿನ್ನೆಯ ಫೈಲ್ ಬರಲೆಂದು ಕಾಯುತ್ತಿದೆ, ನಿನ್ನೆ ಸೆಂಟರುಗಳೂ ಪೂಜೆಗೆ ಕೂತಿದ್ದವು, ಆ ಫೈಲ್ ಎಂದೂ ಬರುವುದಿಲ್ಲ. ನಿನ್ನೆಯದು ಮುಗಿಯದೆ ಇವತ್ತಿನದು ಶುರುವಾಗುವುದಿಲ್ಲ. ಎರಡು ನಿಯಮವನ್ನೂ ಪಾಲಿಸುತ್ತಾ, ಹಣೆಗೆ ಕುಂಕುಮ ಇಟ್ಟುಕೊಂಡು, ಅಬೀಡಿಯೆಂಟ್ ಚೈಲ್ಡ್ ಹಾಗೆ ಕೂತಿತ್ತು ಪಾಪ.

ನಿನ್ನೆಯ ಹಾಗೆ ಬೇರೆಯಾಗಿ ಪ್ರಿಂಟ್ ಕಳಿಸೋಣವೆಂದರೆ, ಹಿಡಿದ ಕೆಲಸ ಮುಗಿಯುವವರೆಗೆ ಸೆಂಟರಿನ ಪ್ರಿಂಟರುಗಳನ್ನೂ ಅದು ಬಿಟ್ಟುಕೊಡುತ್ತಿರಲಿಲ್ಲ. ನಿನ್ನೆಯ ಕೆಲಸವನ್ನು ರದ್ದು ಮಾಡುವ ಅಧಿಕಾರ ಎಂಜಿನಿಯರರ ಲಾಗಿನ್‌ಗೆ ಮಾತ್ರ ಇತ್ತು. ಫೋನ್ ಮಾಡಿದೆ.

“ಮೇಡಂ, ಎರಡೇ ನಿಮಿಷದ ಕೆಲಸ. ಆದರೆ ಲ್ಯಾಪ್‌ಟಾಪ್ ಪೂಜೆಗಿಟ್ಟಿದೀವಿ. ನಮ್ಮನೇಲಿ ಸಂಜೆ ದೀಪ ಹಚ್ಚಿದ ಮೇಲೇ ಕದಲಿಸೋದು.”

“ಫೋನ್ ಪೂಜೆಗೆ ಇಟ್ಟಿಲ್ಲವೇ?”

“ಅದನ್ನಿಟ್ಟರೆ ಬದುಕೋದು ಹೇಗೆ ಮೇಡಂ.”

ಇನ್ನೊಂದು ಫೋನಿನಲ್ಲಿ ಡ್ರೈವರ್: “ಅವ್ವಾರೇ, ಒತ್ತು ವಾಲ್ತಾ ಅದೆ. ಪ್ರಿಂಟರ್ ಕುಯ್ ಅಂತಾನೂ ಇಲ್ಲ.” ಬಾಗಿಲಲ್ಲಿ ಮ್ಯಾನೇಜರು ಬಂದು ನಿಂತರು. ವಾಚು ನೋಡಿಕೊಂಡರು. ಕೊಡಗಿನ ತೋಟಕ್ಕೆ ಹೊರಟ, ಬಾಗಿಲಿಗೆ ಬೀಗ ಬಿದ್ದ ಮನೆಗಳು ನನ್ನ ಕಣ್ಣಿಗೆ ಕಟ್ಟಿದವು.

“ನಿಮ್ಮ ತಾಯಿಯವರಿಗೆ ಫೋನ್ ಕೊಡಿ” ಎಂದೆ.

ಆ ಕಡೆಯಿಂದ ಗಟ್ಟಿ ದನಿ: “ಯಾರಮ್ಮಾ ಅದು, ಹಬ್ಬದ ದಿನ?”

“ಹುಣಸೂರಿನ ಡೈರಿಯಿಂದ ಮಾತಾಡ್ತಿದೀನಿ. ನಿಮ್ಮ ವಾರಿಗೆಯವಳೇ ನಾನೂ.”

“ದೀಪ ಹಚ್ಚೋವರೆಗೂ ಮುಟ್ಟಂಗಿಲ್ಲಮ್ಮ. ನಮ್ಮತ್ತೆ ಕಾಲದಿಂದ ಬಂದಿದ್ದು.”

“ಬೇಡ, ಮುಟ್ಟಬೇಡಿ. ನಾನು ಹೇಳೋದನ್ನ ಒಂದು ಸ್ವಲ್ಪ ಕೇಳಿ ಸಾಕು.” ಹಾಡಿ, ಹಸು, ಗೇಟು, ಆನೆ, ಚೀಟಿ, ಎಲ್ಲ ಹೇಳಿದೆ. ಸರ್ವರ್ ಅನ್ನುವ ಮಾತನ್ನು ಎತ್ತಲೇ ಇಲ್ಲ.

“ಅಷ್ಟೂ ಮನೆ ಹಾಲು ಚೆಲ್ಲಬೇಕಾ?” ಎಂದರು.

“ಈ ಸಂಜೆಯದು ಚೆಲ್ಲಬೇಕು. ನಾಳೆಯಿಂದ ಗಾಡಿಯೇ ಹೋಗಲ್ಲ.”

“ಹಬ್ಬದ ದಿನ ಹಾಲು ಚೆಲ್ಲಿಸಿ ನಾನು ಯಾವ ದೀಪ ಹಚ್ಚಲಿ?” ಎಂದವರೇ ಮಗನಿಗೆ ಹೇಳಿದ್ದು ನನಗೂ ಕೇಳಿತು: “ಲೋ, ಬತ್ತಿ ಹೊಸಿ. ಹಗಲಲ್ಲೇ ಹಚ್ತೀನಿ ದೀಪ. ಅಕ್ಷತೆ ತಾ.” ಗಂಟೆ ಅಲ್ಲಾಡಿಸಿದ ಸದ್ದು ಫೋನಿನಲ್ಲಿ ಬಂತು. “ತಗೋ, ಉತ್ತರಕ್ಕೆ ಕದಲಿಸಿದೀನಿ ನಿನ್ ಲ್ಯಾಪ್‌ಟಾಪು.”

ನನ್ನ ಪರದೆಯ ಮೇಲೆ ನಿನ್ನೆಯ ಜಾಬುಗಳು ಒಂದೊಂದಾಗಿ ಮಾಯವಾದವು. ಇವತ್ತಿನ ಕೋಟೆ ಹಸಿರಾಯಿತು. ಡ್ರೈವರನ ಫೋನಿನಲ್ಲಿ ಪ್ರಿಂಟರಿನ ಕರಕರ ಕೇಳಿತು. “ಬಂತು ಕಣ್ರವ್ವ, ಓಯ್ತೀನಿ” ಎಂದು ಅವನು ಇಟ್ಟುಬಿಟ್ಟ.

ಆಮೇಲಿನ ಹೊತ್ತು ಕಳೆಯುವುದು ಕಷ್ಟವಾಯಿತು. ಗೇಟು ದಾಟಿದ ಮೇಲೆ ಸಿಗ್ನಲ್ ಇಲ್ಲ. ಮ್ಯಾನೇಜರು ನನ್ನೆದುರು ಕುರ್ಚಿ ಎಳೆದುಕೊಂಡು ಕೂತು, ಪ್ರಸಾದದ ಕಡಲೆಪುರಿ ತಿನ್ನುತ್ತಿದ್ದರು. ಕೊನೆಗೆ ಫೋನ್ ಬಂತು.

“ಆಚೆ ಬಂದೆ ಅವ್ವಾರೇ. ಗೇಟ್ನೋನು ಅರ್ಧ ಎಳ್ದಿದ್ದ, ನನ್ನ ನೋಡಿ ನಿಲ್ಲುಸ್ದ. ಕ್ಯಾನೆಲ್ಲ ತುಂಬವೆ.”

ಮ್ಯಾನೇಜರು ಎದ್ದು, ಕಡಲೆಪುರಿಯ ಪೊಟ್ಟಣವನ್ನು ನನ್ನ ಟೇಬಲ್ ಮೇಲಿಟ್ಟು ಹೋದರು. ರೂಟ್ ನಿಲ್ಲಿಸುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಹಬ್ಬ ಮುಗಿಸಿ ಬಂದ ಎಂಜಿನಿಯರ್ ಸಾಫ್ಟ್‌ವೇರಿನ ಕ್ಯಾಲೆಂಡರಿನಲ್ಲಿ ಆಯುಧ ಪೂಜೆಯನ್ನು ಸೇರಿಸಿದರು, ಆ ದಿನದ ಕೆಲಸಕ್ಕಾಗಿ ಕಾಯಬಾರದೆಂದು. “ಆದರೆ ಇದು ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತಲ್ಲ ಮೇಡಂ, ಯಾರಾದರೂ ಪಂಚಾಂಗ ನೋಡಿ ಹಾಕಬೇಕು” ಎಂದರು.

ಆ ವರ್ಷವೇ ನಾನು ಕುರ್ಚಿಯಿಂದ ಎದ್ದೆ. ಈಗಲೂ ನವರಾತ್ರಿಗೆ ಮುಂಚೆ ಡೈರಿಯಿಂದ ಒಂದು ಫೋನ್ ಬರುತ್ತದೆ. “ಮೇಡಂ, ಆಯುಧ ಪೂಜೆ ಯಾವತ್ತು?” ಅವರ ಕೈಯಲ್ಲೇ ಇರುವ ಮೊಬೈಲಿನಲ್ಲಿ ಅದು ಸಿಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಕನ್ನಡಕ ಹಾಕಿಕೊಂಡು, ಗೋಡೆಯ ಪಂಚಾಂಗದ ಹಾಳೆ ತಿರುವಿ, ನಿಧಾನವಾಗಿ ಓದಿ ಹೇಳುತ್ತೇನೆ. ಆಮೇಲೆ ಕೇಳುತ್ತೇನೆ, “ಕೋಟೆ ಗಾಡಿ?”

“ಹೋಗ್ತಾ ಇದೆ ಮೇಡಂ. ಹಾಡಿಯಿಂದ ಈಗ ಕ್ಯಾನು ಜಾಸ್ತಿ ಕೇಳ್ತಿದಾರೆ.”